ಬೆಳ್ಳಿ ಕತ್ತೆಗಳ ವರ್ಷ

ಹಲಗೆಮನೆಯ ತಂದೆಯವರಾದ ಎತೆಲ್‌ಪೀ ಅವರಿಗೆ ಹೇಳು. ಮನ್ನಿಯ ಹೀಗೆ ಹೇಳುತ್ತಾನೆ. ಶಮಶ್ ದೇವರು ನಿಮ್ಮನ್ನು ಆರೋಗ್ಯದಿಂದ ಇಟ್ಟಿರಲಿ.

ನಾನು ಪಾಠ ಬಿಟ್ಟು ಓಡಿಹೋದೆ ಎಂದು ನೀವು ಸಿಪ್ಪರ್ ಪಟ್ಟಣದಲ್ಲೆಲ್ಲ ಹೇಳುತ್ತಿದ್ದೀರಂತೆ, ದೋಣಿಯವನು ಹೇಳಿದ. ಓಡಲಿಲ್ಲ. ನಡೆದೇ ಹೋದೆ, ಹಾಡಹಗಲಲ್ಲಿ. ನೀವು ಹಲಗೆಮನೆಯ ಅಂಗಳದಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದಿರಿ. ಗಂಟು ಹೊತ್ತುಕೊಂಡು ನಿಮ್ಮೆದುರೇ ಹಾದುಹೋದೆ. ನೀವು ತಲೆಯೆತ್ತಿ ನೋಡಿದಿರಿ, ಏನೂ ಅನ್ನಲಿಲ್ಲ. ಹೋದರೆ ಹೋಗಲಿ ಎಂದು ಅದರರ್ಥ ಅಂದುಕೊಂಡೆ.

ಅದರ ಹಿಂದಿನ ದಿನ ನೀವು ನನಗೆ ಹೊಡೆದದ್ದು 'ಸಿಂಹ' ಎಂದು ಬರೆಯುವಲ್ಲಿ 'ಕತ್ತೆ' ಎಂದು ಬರೆದೆ ಅಂತ. ನಾನು ನೋಡಿ ಬರೆದದ್ದು ನೀವೇ ಬರೆದುಕೊಟ್ಟ ಪಾಠದ ಮಣ್ಣಿನ ಹಲಗೆಯನ್ನು. ಅದರಲ್ಲಿದ್ದದ್ದು ಕತ್ತೆಯೇ. ಆವತ್ತೂ ಅದನ್ನೇ ಹೇಳಿದೆ, ಈಗಲೂ ಅದನ್ನೇ ಹೇಳುತ್ತೇನೆ. ಕ್ಷಮೆ ಕೇಳಲು ಬರೆಯುತ್ತಿಲ್ಲ.

ನಾನೀಗ ಪಿ-ನಾರಿಮ್‌ನಲ್ಲಿದ್ದೇನೆ, ಕಾಲುವೆಯ ಬಾಯಲ್ಲಿ. ಇಲ್ಲಿಯವರೆಲ್ಲ ಕತ್ತೆಯವರು. ದೋಣಿಯಿಂದ ಇಳಿದ ಸರಕನ್ನು ಕತ್ತೆಗಳ ಮೇಲೆ ಹೇರಿ ಒಳನಾಡಿಗೆ ಒಯ್ಯುತ್ತಾರೆ. ಹುನಾಬತು ಎಂಬ ವಿಧವೆಯ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಸೇರಿದೆ. ಒಂದು ವಾರ ಕಳೆಯುವುದರೊಳಗೆ ಊರ ಹಿರಿಯರು ನನ್ನ ಉಗುರಿನ ಸಂದಿಯ ಒಣಗಿದ ಜೇಡಿಮಣ್ಣು ನೋಡಿಬಿಟ್ಟರು.

"ಬರೆಯೋಕೆ ಬರುತ್ತೇನೋ ನಿನಗೆ?"

"ಅರ್ಧಕ್ಕೆ ಬಿಟ್ಟವನು ನಾನು. ಪೂರ್ತಿ ಬರಲ್ಲ."

"ಪೂರ್ತಿ ಬರೋರು ನಮ್ಮೂರಿಗೆ ಯಾಕೆ ಬರ್ತಾರೆ? ಕೂತ್ಕೋ."

ಹೀಗೆ ನಾನು ಊರಿನ ಬರಹಗಾರನಾದೆ. ಈಗ ಒಂದು ಕಷ್ಟ. ಹೊಸ ವರ್ಷ ಹುಟ್ಟಿ ಎರಡನೆಯ ತಿಂಗಳು ನಡೆಯುತ್ತಿದೆ, ವರ್ಷದ ಹೆಸರು ಇನ್ನೂ ನಮಗೆ ಬಂದಿಲ್ಲ. ಅರಸರು ಈ ವರ್ಷಕ್ಕೆ ಯಾವ ಕೆಲಸದ ಹೆಸರಿಟ್ಟರು? ಗೋಡೆಯೋ, ಕಾಲುವೆಯೋ, ಯುದ್ಧವೋ? ಪತ್ರಗಳ ಕೊನೆಗೆ ಹೋದ ವರ್ಷದ ಹೆಸರಿಗೇ ಬಾಲ ಕಟ್ಟಿ ಬರೆಯುತ್ತಿದ್ದೇನೆ. ಜನ ನಾಚಿಕೊಳ್ಳುತ್ತಾರೆ, ಹೆಸರಿಡದ ಕೂಸನ್ನು ಎತ್ತಿಕೊಂಡು ತಿರುಗಿದ ಹಾಗಾಗುತ್ತದೆ ಎನ್ನುತ್ತಾರೆ. ದಯವಿಟ್ಟು ಕಳಿಸಿ.

ಅಯ್ಯಾರು ತಿಂಗಳು, ಆರನೆಯ ದಿನ. ಅರಸರು ಕೋಟೆಯ ಗೋಡೆ ಕಟ್ಟಿಸಿದ ವರ್ಷದ ಮುಂದಿನ ವರ್ಷ.

*

ಮನ್ನಿಯನಿಗೆ ಹೇಳು, ಎತೆಲ್‌ಪೀ ಹೀಗೆ ಹೇಳುತ್ತಾನೆ.

ನಿನ್ನ ಓಲೆ ಬಂತು. ಹುಡುಗರ ಕೈಲಿ ಗಟ್ಟಿಯಾಗಿ ಓದಿಸಿದೆ, ಅವರಿಗೂ ಅಭ್ಯಾಸವಾಗಲಿ ಎಂದು. ಏಳು ತಪ್ಪು ಸಿಕ್ಕವು.

ವರ್ಷದ ಹೆಸರು ಬಂದಿದೆ. ಕಾಲುವೆಯ ಹದಿನಾಲ್ಕು ಊರುಗಳಿಗೆ ಹದಿನಾಲ್ಕು ಹಲಗೆ ಬರೆಯುವ ಕೆಲಸವನ್ನು ಈ ಸಲವೂ ನನಗೇ ಕೊಟ್ಟಿದ್ದಾರೆ. ಹದಿನಾಲ್ಕನ್ನೂ ನನ್ನ ಕೈಯಿಂದಲೇ ಬರೆದೆ, ಒಂದು ಮಧ್ಯಾಹ್ನದಲ್ಲಿ, ಒಂದೂ ಅಳಿಸದೆ. ಅರವತ್ತು ದಾಟಿದವನ ಕೈ ಇದು. ನಿಮ್ಮೂರಿನದು ಧಾನ್ಯದ ದೋಣಿಯಲ್ಲಿ ಬರುತ್ತದೆ, ಕಾಯಿ.

ಕತ್ತೆಗಳ ನಡುವೆ ಇದ್ದೀಯೆಂದು ಕೇಳಿ ಆಶ್ಚರ್ಯವಾಗಲಿಲ್ಲ.

ಅಯ್ಯಾರು ತಿಂಗಳು, ಹತ್ತೊಂಬತ್ತನೆಯ ದಿನ. ಹೆಸರು ನಿನಗೆ ಹಲಗೆಯಲ್ಲೇ ತಿಳಿಯಲಿ, ಇಲ್ಲಿ ಬರೆಯುವುದಿಲ್ಲ.

*

ಹಲಗೆಮನೆಯ ತಂದೆಯವರಾದ ಎತೆಲ್‌ಪೀ ಅವರಿಗೆ ಹೇಳು. ಮನ್ನಿಯ ಹೀಗೆ ಹೇಳುತ್ತಾನೆ. ಶಮಶ್ ದೇವರೂ ನಮ್ಮೂರಿನ ಎಲ್ಲ ಕತ್ತೆಗಳೂ ನಿಮ್ಮನ್ನು ಹರಸಲಿ.

ಹೆಸರು ಬಂತು. ಊರಬಾಗಿಲಲ್ಲಿ ಎಲ್ಲರನ್ನೂ ಸೇರಿಸಿ ನಾನೇ ಓದಿದೆ: 'ಅರಸರು ಶಮಶ್ ದೇವರ ಬಾಗಿಲಲ್ಲಿ ಎರಡು ಬೆಳ್ಳಿ ಕತ್ತೆಗಳನ್ನು ನಿಲ್ಲಿಸಿದ ವರ್ಷ.'

"ಇನ್ನೊಂದ್ಸಲ ಓದೋ," ಅಂದರು ಹಿರಿಯರು.

ಓದಿದೆ. ಒಬ್ಬ ಮುದುಕ ಅಳಲು ಶುರುಮಾಡಿದ. ಅವನು ಐವತ್ತು ವರ್ಷ ಕತ್ತೆ ಹೊಡೆದವನು, ಐವತ್ತು ವರ್ಷವೂ ಪೇಟೆಯವರು ಅವನನ್ನು ಕತ್ತೆ ಎಂದೇ ಕರೆದಿದ್ದರು. "ಅರಸರಿಗೆ ಗೊತ್ತಾಯ್ತು ಕಣ್ರೋ," ಎಂದ. "ಗೋಡೆಗೆ ಇಟ್ಟಿಗೆ ಹೊತ್ತೋರು ಯಾರು ಅಂತ ಅರಸರಿಗೆ ಗೊತ್ತಾಯ್ತು."

ಆಮೇಲೆ ಮೂರು ದಿನ ಊರಿನಲ್ಲಿ ಕೆಲಸವೇ ಆಗಲಿಲ್ಲ. ಬಾರ್ಲಿ ಮದ್ಯದ ಗಡಿಗೆಗಳು ಹೊರಬಂದವು. ಕತ್ತೆಗಳಿಗೆ ಎಣ್ಣೆ ಸವರಿದರು, ಕಿವಿಗೆ ಕೆಂಪು ನೂಲು ಕಟ್ಟಿದರು. ಹೆಂಗಸರು ಗಂಡಂದಿರಿಗೆ ಕತ್ತೆ ಎಂದು ಬೈಯುವುದನ್ನು ಬಿಟ್ಟಿದ್ದಾರೆ. ಬೇರೆ ಮಾತು ಹುಡುಕುತ್ತಿದ್ದಾರೆ, ಸಿಗುತ್ತಿಲ್ಲ.

ಇನ್ನೊಂದು ಸಂಗತಿಯಿದೆ, ಎಲ್ಲಕ್ಕಿಂತ ದೊಡ್ಡದು. ನಾಲ್ಕನೆಯ ದಿನ ಬೆಳಿಗ್ಗೆ ಹುನಾಬತು ನನ್ನನ್ನು ಕರೆದು ಜೇಡಿಮಣ್ಣು ಮಿದಿಯಲು ಹೇಳಿದಳು.

"ಏನು ಬರೀಬೇಕು?"

"ಮಕ್ಕಳಿಲ್ಲದ ಹುನಾಬತು, ತಂದೆತಾಯಿ ಇಲ್ಲದ ಮನ್ನಿಯನನ್ನ ಮಗನಾಗಿ ತಗೊಂಡಳು ಅಂತ ಬರಿ. ಒಳ್ಳೆ ವರ್ಷ ಇದು. ಇದೇ ವರ್ಷದ ಹೆಸರಲ್ಲಿ ಆಗಿಬಿಡ್ಲಿ."

ನನಗೆ ಹಿಂದೆ ಮುಂದೆ ಯಾರೂ ಇಲ್ಲದ್ದು ನಿಮಗೆ ಗೊತ್ತು. ನನ್ನ ದತ್ತುಪತ್ರವನ್ನು ನಾನೇ ಬರೆದೆ. ಕಡ್ಡಿಯಿಂದ ಒತ್ತಿದ ಒಂದು ಮೊಳೆಗುರುತೂ ತಪ್ಪಲಿಲ್ಲ. ಏಳು ಜನ ಸಾಕ್ಷಿಗಳು ಹಸಿಮಣ್ಣಿನ ಮೇಲೆ ಉಗುರು ಒತ್ತಿದರು. ಕೊನೆಯ ಸಾಲು ಎಲ್ಲರ ದತ್ತುಪತ್ರದಲ್ಲೂ ಇರುವಂಥದೇ: ತಾಯಿ ಮಗನಿಗೆ 'ನೀನು ನನ್ನ ಮಗನಲ್ಲ' ಎಂದರೆ ಅವಳು ಮನೆ ಬಿಡಬೇಕು, ಮಗ ತಾಯಿಗೆ 'ನೀನು ನನ್ನ ತಾಯಿಯಲ್ಲ' ಎಂದರೆ ಅವನೂ ಬಿಡಬೇಕು. ಈಗ ಅವಳನ್ನು ಅವ್ವ ಎನ್ನುತ್ತೇನೆ. ಮೊದಲ ಸಲ ಅಂದು ಮೂಗು ಒರೆಸಿಕೊಂಡೆ. "ಶೀತ ಆಗಿದೆಯೇನೋ, ಬೆಳ್ಳುಳ್ಳಿ ತಿನ್ನು," ಅಂದಳು.

ಸಿಮಾನು ತಿಂಗಳು, ಹನ್ನೊಂದನೆಯ ದಿನ. ಅರಸರು ಶಮಶ್ ದೇವರ ಬಾಗಿಲಲ್ಲಿ ಎರಡು ಬೆಳ್ಳಿ ಕತ್ತೆಗಳನ್ನು ನಿಲ್ಲಿಸಿದ ವರ್ಷ.

*

ಮನ್ನಿಯನಿಗೆ ಹೇಳು, ಎತೆಲ್‌ಪೀ ಹೀಗೆ ಹೇಳುತ್ತಾನೆ.

ಸಿಂಹ. ಸಿಂಹ ಕಣೋ. ಎರಡು ಬೆಳ್ಳಿ ಸಿಂಹಗಳು.

ನಿನ್ನ ಓಲೆಯನ್ನು ಅಂಗಳದಲ್ಲಿ ಓದಿಸಿದಾಗ ಇಡೀ ಹಲಗೆಮನೆ ನೆಲಕ್ಕೆ ಬಿದ್ದು ನಕ್ಕಿತು. ಯಾವ ಅರಸ ದೇವರ ಬಾಗಿಲಲ್ಲಿ ಕತ್ತೆ ನಿಲ್ಲಿಸುತ್ತಾನೆ? ಕತ್ತೆಯ ತಲೆಯ ಮೇಲೆ ಇನ್ನೆರಡು ಸಣ್ಣ ಮೊಳೆ ಒತ್ತಿದರೆ ಸಿಂಹ. ಇಷ್ಟನ್ನು ಕಲಿಸಲು ಎಷ್ಟು ಕೋಲು ಮುರಿದೆ ನಿನ್ನ ಬೆನ್ನಿನ ಮೇಲೆ. ಬರೆದವನು ನಾನು, ಓದಿದವನು ನೀನು. ತಪ್ಪು ಯಾರದೆಂದು ಯಾರಾದರೂ ಕೇಳುತ್ತಾರೆಯೇ?

ಊರವರಿಗೆ ಹೇಳು. ಕತ್ತೆಗಳ ಕಿವಿಯ ನೂಲು ಬಿಚ್ಚು. ದತ್ತುಪತ್ರವನ್ನು ಹೊಸದಾಗಿ ಬರೆ, ಯಾರ ಕಣ್ಣಿಗಾದರೂ ಬೀಳುವ ಮೊದಲೇ.

ತಾಯಿ ಸಿಕ್ಕಿದ್ದು ಒಳ್ಳೆಯದಾಯಿತು.

ಸಿಮಾನು ತಿಂಗಳು, ಇಪ್ಪತ್ತೇಳನೆಯ ದಿನ. ಎರಡು ಬೆಳ್ಳಿ ಸಿಂಹಗಳ ವರ್ಷ.

*

ಎತೆಲ್‌ಪೀ ಅವರಿಗೆ, ಅವರೊಬ್ಬರಿಗೇ ಹೇಳು; ಮನ್ನಿಯ ಹೀಗೆ ಹೇಳುತ್ತಾನೆ.

ಮಣ್ಣಿನ ಲಕೋಟೆಯ ಮೇಲೆ 'ಬೇರೆಯವರ ಕೈಲಿ ಓದಿಸಬೇಡಿ' ಎಂದು ಬರೆದಿದ್ದೇನೆ. ಅದನ್ನು ಪಾಲಿಸಿ. ಇದು ಹುಡುಗರ ಅಭ್ಯಾಸಕ್ಕಲ್ಲ.

ನಿಮ್ಮ ಓಲೆ ಬಂದ ದಿನವೇ ವರ್ಷದ ಹೆಸರಿನ ಹಲಗೆಯನ್ನು ಬಿಸಿಲಿಗೆ ಒಯ್ದು ನೋಡಿದೆ. ಓರೆಯಾಗಿ ಹಿಡಿದೆ, ನೇರ ಹಿಡಿದೆ, ತೊಳೆದೆ. ಎರಡು ಸಣ್ಣ ಮೊಳೆ ಅಲ್ಲಿಲ್ಲ. ಉದುರಿದ್ದೂ ಅಲ್ಲ, ಸವೆದದ್ದೂ ಅಲ್ಲ, ಒತ್ತಿಯೇ ಇಲ್ಲ. ಅಲ್ಲಿರುವುದು ಕತ್ತೆ.

ಆದರೂ ಊರವರಿಗೆ ಹೇಳಿದೆ, ಹೆಸರು ಸಿಂಹದ್ದಂತೆ ಎಂದು. ಹೇಳದೆ ಇರಲು ಆಗಲಿಲ್ಲ. ಹಿರಿಯರು, "ಸಿಂಹ ಏನು ಹೊತ್ತಿದೆ ಈ ದೇಶಕ್ಕೆ?" ಎಂದು ಕೇಳಿದರು. ಆ ಮುದುಕ ಮಾತ್ರ ನೂಲು ಬಿಚ್ಚಲು ಒಪ್ಪಿಲ್ಲ.

ಹೊಸ ಪತ್ರ ಬರೆಯುವಷ್ಟರಲ್ಲಿ ಕುಬ್ಬುರು ಬಂದ. ಅವ್ವನ ಸತ್ತ ಗಂಡನ ತಮ್ಮ, ಪೇಟೆಯವನು. ಮಗನಿಲ್ಲದಿದ್ದರೆ ಮನೆ, ಕೊಟ್ಟಿಗೆ, ಕತ್ತೆಗಳೆಲ್ಲ ಅವನಿಗೇ. ಸೀದಾ ಹಿರಿಯರ ಹತ್ತಿರ ಹೋಗಿ ಪತ್ರ ತೋರಿಸಿ ಎಂದ. ಬೆಳ್ಳಿ ಕತ್ತೆ ಎಂದು ಓದಿಸಿಕೊಂಡು ಹೊಟ್ಟೆ ಹಿಡಿದು ನಕ್ಕ. "ಇಂಥಾ ವರ್ಷ ಯಾವತ್ತೂ ಹುಟ್ಟೇ ಇಲ್ಲ. ಹುಟ್ಟದ ವರ್ಷದಲ್ಲಿ ಹುಟ್ಟಿದ ಮಗ ಎಲ್ಲಿಂದ ಬಂದ?" ಎಂದ. ಪತ್ರವನ್ನು ಈಗ ಯಾರೂ ಮುಟ್ಟುವಂತಿಲ್ಲ. ಅಬು ತಿಂಗಳ ಕೊನೆಗೆ ನ್ಯಾಯಾಧೀಶರು ದೋಣಿಯಲ್ಲಿ ಬಂದು ತೀರ್ಪು ಕೊಡುತ್ತಾರೆ. ಪತ್ರ ಬಿದ್ದರೆ ನಾನು ಮತ್ತೆ ಯಾರ ಮಗನೂ ಅಲ್ಲ.

ಅವರು ಮೊದಲು ಕೇಳುವುದು: ನೀನು ತಪ್ಪಾಗಿ ಓದಿದೆಯಾ? ಹೌದು ಎಂದರೆ ಸುಳ್ಳು. ಇಲ್ಲ ಎಂದರೆ ಹಲಗೆ ತರಿಸಿ ನೋಡುತ್ತಾರೆ, ಇದು ಯಾರ ಕೈ ಎಂದು ಕೇಳುತ್ತಾರೆ. ನಿಮ್ಮ ಕೈ ನನಗೆ ಗೊತ್ತು. ಪಾಠದ ಹಲಗೆಯಲ್ಲೂ ಇವೇ ಎರಡು ಮೊಳೆಗಳು ಇರಲಿಲ್ಲ.

ನಾನು ಸುಳ್ಳು ಹೇಳುವವನಲ್ಲ. ಬೆನ್ನ ಹಿಂದೆ ಹೇಳುವವನೂ ಅಲ್ಲ. ಅದಕ್ಕೇ ಮೊದಲು ನಿಮಗೆ ಹೇಳುತ್ತಿದ್ದೇನೆ.

ನಿಮ್ಮ ಕಣ್ಣು ಹೇಗಿದೆ?

ದುಮೂಜು ತಿಂಗಳು, ಎಂಟನೆಯ ದಿನ. ನೀವು ಹೇಳುವಂತೆ ಸಿಂಹಗಳ ವರ್ಷ, ನೀವು ಬರೆದಂತೆ ಕತ್ತೆಗಳ ವರ್ಷ.

*

ಎತೆಲ್‌ಪೀ ಅವರಿಗೆ ಹೇಳು. ಮನ್ನಿಯ ಹೀಗೆ ಹೇಳುತ್ತಾನೆ.

ಮೂವತ್ತಾರು ದಿನವಾಯಿತು. ದೋಣಿ ಬಂದಾಗಲೆಲ್ಲ ಕಟ್ಟೆಗೆ ಓಡುತ್ತೇನೆ. ದೋಣಿಯವನು ದೂರದಿಂದಲೇ ಕೈಯಾಡಿಸುತ್ತಾನೆ, ಇಲ್ಲ ಎಂದು. ನೀವು ಸಿಟ್ಟಾಗಿದ್ದೀರಿ. ಆಗಲಿ. ನೀವು ಸಿಟ್ಟಾದರೆ ನನಗೆ ಅಭ್ಯಾಸವಿದೆ. ಸುಮ್ಮನಾದರೆ ಅಭ್ಯಾಸವಿಲ್ಲ.

ಕುಬ್ಬುರು ಇಲ್ಲೇ ಬೀಡುಬಿಟ್ಟಿದ್ದಾನೆ. ದಿನಾ ಬೆಳಿಗ್ಗೆ ಇಬ್ಬರು ಸಾಕ್ಷಿಗಳನ್ನು ಕಟ್ಟಿಕೊಂಡು ನಮ್ಮ ಅಂಗಳದ ಗೋಡೆಯ ಮೇಲೆ ಬಂದು ಕೂರುತ್ತಾನೆ. ಅವ್ವನ ಬಾಯಿ ನಿಮಗೆ ಗೊತ್ತಿಲ್ಲ. ಅವಳು ಬೈಯದೆ ರೊಟ್ಟಿ ತಟ್ಟುವವಳಲ್ಲ. ಸಿಟ್ಟಿನಲ್ಲಿ ಒಮ್ಮೆ 'ನೀನು ನನ್ನ ಮಗನಲ್ಲ' ಅಂದುಬಿಟ್ಟರೆ ಸಾಕು, ದತ್ತು ಮುರಿಯುತ್ತದೆ, ನ್ಯಾಯಾಧೀಶರೇ ಬೇಡ.

ಮೊನ್ನೆ ನಾನು ಅವಳ ಮದ್ಯದ ದೊಡ್ಡ ಗಡಿಗೆ ಒಡೆದೆ. ಗೋಡೆಯ ಮೇಲೆ ಮೂವರೂ ಎದ್ದು ನಿಂತರು. ಅವ್ವ ಸೊಂಟಕ್ಕೆ ಕೈಕೊಟ್ಟು, "ನೀನು ನನ್ನ ಮಗನೇ..." ಅಂದಳು. ಬಾಯಿ ತೆರೆದೇ ಇತ್ತು. ಕುಬ್ಬುರು ಕಿವಿಗೆ ಕೈಯಿಟ್ಟುಕೊಂಡ. "...ಆಗಿದ್ದಕ್ಕೆ ಇನ್ನೂ ಬದುಕಿದ್ದೀಯ. ಹೋಗಿ ಚೂರು ಆರಿಸು." ಆಮೇಲೆ ಗೋಡೆಯ ಕಡೆ ತಿರುಗಿ, "ಏನು ಮೈದುನಾ, ಬಿಸಿಲು ಜಾಸ್ತಿ ಆಯ್ತಾ? ಇಳೀತೀಯೋ, ಮಜ್ಜಿಗೆ ಕೊಡ್ಲೋ?" ಎಂದು ಕೇಳಿದಳು.

ಅವಳಿಗೆ ಎಲ್ಲ ಹೇಳಿದ್ದೇನೆ, ನಿಮ್ಮ ಕಣ್ಣಿನ ವಿಚಾರ ಸೇರಿ. ಯಾರ ಕೈ ಎಂದು ಕೇಳಿದರೆ ಬಾಯಿ ಬಿಡುವುದಿಲ್ಲ ಎಂದೆ. ಸುಮ್ಮನಿರುವುದು ಸುಳ್ಳಲ್ಲವಲ್ಲ. "ಸುಮ್ಮನಿದ್ರೆ ಪತ್ರ ಬೀಳುತ್ತೆ," ಅಂದಳು. ಗೊತ್ತು ಎಂದೆ. ಸ್ವಲ್ಪ ಹೊತ್ತು ಕತ್ತೆಯ ಕಾಲು ತಿಕ್ಕುತ್ತಿದ್ದಳು. "ಬಿದ್ರೆ ಇನ್ನೊಂದು ಬರಿ," ಅಂದಳು. ಅದು ಆಗುವ ಮಾತಲ್ಲ. ಪತ್ರ ಬಿದ್ದ ದಿನವೇ ಎಲ್ಲ ಕುಬ್ಬುರುವಿನದಾಗುತ್ತದೆ, ಅವಳೂ ಬೀದಿಗೆ ಬೀಳುತ್ತಾಳೆ. ಅವಳಿಗೂ ಅದು ಗೊತ್ತು.

ಅಬು ತಿಂಗಳು, ಹದಿನಾಲ್ಕನೆಯ ದಿನ. ವರ್ಷದ ಹೆಸರು ನಿಮಗೆ ಬಿಟ್ಟಿದ್ದು.

*

ಮನ್ನಿಯನಿಗೆ ಹೇಳು, ಎತೆಲ್‌ಪೀ ಹೀಗೆ ಹೇಳುತ್ತಾನೆ.

ಇದರೊಂದಿಗೆ ಮುಚ್ಚಿದ ಲಕೋಟೆಯೊಂದಿದೆ. ನ್ಯಾಯಾಧೀಶರ ಕೈಗೇ ಕೊಡು. ಒಡೆಯಬೇಡ.

ಅಬು ತಿಂಗಳು, ಇಪ್ಪತ್ತನೆಯ ದಿನ.

*

ಹಲಗೆಮನೆಯ ತಂದೆಯವರಿಗೆ ಹೇಳು; ಮನ್ನಿಯ ಹೀಗೆ ಹೇಳುತ್ತಾನೆ. ಶಮಶ್ ದೇವರು ನಿಮ್ಮನ್ನು ನನಗೋಸ್ಕರ ನೂರು ವರ್ಷ ಇಡಲಿ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿಮ್ಮ ಲಕೋಟೆ ಐದು ದಿನ ನನ್ನ ಹತ್ತಿರ ಇತ್ತು. ಅದರಲ್ಲಿ ನನ್ನ ಮೇಲಿನ ದೂರು ಇದೆ ಎಂದೇ ನಂಬಿದ್ದೆ. ಅಕ್ಷರ ತಿಳಿಯದ ಹುಡುಗ, ಸುಳ್ಳ, ಹಲಗೆಮನೆ ಬಿಟ್ಟು ಓಡಿದವನು, ಹೀಗೆಲ್ಲ. ನಮ್ಮ ಮುದುಕ, "ಕತ್ತೆ ಕಾಲಿಗೆ ಸಿಕ್ಕಿ ಒಡೆದುಹೋಯ್ತು ಅಂದ್ಬಿಡು ಮಾರಾಯ," ಎಂದು ಉಪಾಯವನ್ನೂ ಕೊಟ್ಟ. ತನ್ನ ಕತ್ತೆಯನ್ನು ತಂದು ನಿಲ್ಲಿಸಿಯೂ ಬಿಟ್ಟ. ನಾನು ಒಪ್ಪಲಿಲ್ಲ.

ನ್ಯಾಯಾಧೀಶರು ಊರಬಾಗಿಲಲ್ಲಿ ಕೂತರು. ಮೊದಲು ಕುಬ್ಬುರು ಮಾತಾಡಿದ, ಬಹಳ ಮಾತಾಡಿದ. ಆಮೇಲೆ ನನ್ನ ಸರದಿ.

"ತಪ್ಪು ಓದಿದೆಯೇನಪ್ಪ?"

"ಇಲ್ಲ. ಇದ್ದದ್ದನ್ನೇ ಓದಿದೆ."

ಹಲಗೆ ತರಿಸಿದರು. ಅವರ ಬರಹಗಾರ ಬಗ್ಗಿ ನೋಡಿ, "ಸ್ವಾಮಿ, ಇದು ಕತ್ತೆಯೇ," ಎಂದ. ಕುಬ್ಬುರು ಕೂಡಲೇ ಎದ್ದ. "ಇವನೇ ಕೆರೆದು ಎರಡು ಮೊಳೆ ತೆಗೆದಿರ್ಬೇಕು. ಬರೆದೋರು ಯಾರು ಅಂತ ಕೇಳಿ, ಗೊತ್ತಾಗುತ್ತೆ."

ಕೇಳಿದರು. "ಹೇಳಲ್ಲ," ಎಂದೆ. "ಆದ್ರೆ ನಿಮಗೆ ಒಂದು ಲಕೋಟೆ ಬಂದಿದೆ." ಕೊಟ್ಟೆ.

ಅವರು ಅದನ್ನು ಮೊಣಕಾಲಿಗೆ ಬಡಿದು ಒಡೆದರು. ಬರಹಗಾರ ಗಟ್ಟಿಯಾಗಿ ಓದಿದ. ನೀವು ಬರೆದದ್ದು ನಿಮಗೆ ಗೊತ್ತು. ಆದರೆ ಅದು ಊರಬಾಗಿಲಲ್ಲಿ ಹೇಗೆ ಕೇಳಿಸಿತು ಎಂಬುದು ಗೊತ್ತಿಲ್ಲವಲ್ಲ, ಅದಕ್ಕೆ ಬರೆಯುತ್ತೇನೆ. 'ಕತ್ತೆ ನನ್ನದು. ಹದಿನಾಲ್ಕೂ ಹಲಗೆಯಲ್ಲಿ ಕತ್ತೆಯನ್ನೇ ಬರೆದಿದ್ದೇನೆ. ಒಂದನ್ನು ತರಿಸಿ ಹೆಬ್ಬೆರಳಿಂದ ತಡವಿ ನೋಡಿದೆ. ಎರಡು ಚಳಿಗಾಲದಿಂದ ನನ್ನ ಕಣ್ಣಿಗೆ ಸಣ್ಣ ಮೊಳೆ ಕಾಣುವುದಿಲ್ಲ. ಹದಿಮೂರು ಊರಿನ ಬರಹಗಾರರು ಕತ್ತೆಯನ್ನು ನೋಡಿ ಸಿಂಹ ಎಂದು ಓದಿದರು, ದೇವರ ಬಾಗಿಲಲ್ಲಿ ಸಿಂಹವೇ ಇರಬೇಕಲ್ಲ ಎಂದು. ಇದ್ದದ್ದನ್ನು ಇದ್ದ ಹಾಗೆ ಓದಿದವನು ಒಬ್ಬನೇ. ಅವನು ನನ್ನ ಶಿಷ್ಯ.'

ಕೊನೆಯ ಮಾತನ್ನು ಇನ್ನೊಮ್ಮೆ ಓದಿ ಎಂದು ನಾನು ಕೇಳಿದೆ. ನ್ಯಾಯಾಧೀಶರು ಬೈಯಲಿಲ್ಲ, ಓದಿಸಿದರು.

ತೀರ್ಪು ಹೀಗೆ. ಊರಿಗೆ ಕಳಿಸಿದ ಹೆಸರನ್ನು ಊರು ನಂಬಿತು, ಏಳು ಉಗುರುಗಳು ನಿಜ, ಪತ್ರ ನಿಲ್ಲುತ್ತದೆ. ಪತ್ರದ ಹಲಗೆ ಇದ್ದ ಹಾಗೇ ಇರಲಿ. ಅದರ ಮೇಲೆ ಹೊಸ ಲಕೋಟೆ ಮುಚ್ಚಿ, ಲಕೋಟೆಯ ಮೇಲೆ ಸಿಂಹಗಳ ವರ್ಷ ಎಂದು ಬರೆಯಬೇಕು.

"ಹೊರಗೆ ಸಿಂಹ, ಒಳಗೆ ಕತ್ತೆ," ಅಂದಳು ಅವ್ವ. "ಥೇಟ್ ನನ್ನ ಮಗ."

ನ್ಯಾಯಾಧೀಶರ ಹೊಟ್ಟೆ ಕುಲುಕಿತು. ಕುಬ್ಬುರು ಬಂದ ದೋಣಿಯಲ್ಲೇ ವಾಪಸು ಹೋದ. ಮಜ್ಜಿಗೆ ಕುಡಿದೇ ಹೋದ.

ಅಪ್ಪ, ನಿಮ್ಮನ್ನು ಹೀಗೆ ಕರೆಯುತ್ತಿದ್ದೇನೆ, ಹಲಗೆಮನೆಯಲ್ಲಿ ಎಲ್ಲರೂ ಬಾಯಿಪಾಠವಾಗಿ ಕರೆಯುವ ಹಾಗಲ್ಲ. ನನ್ನಿಂದ ನಿಮಗೆ ಏನಾಯಿತು? ಅದನ್ನು ಬರೆಯಿರಿ. ಸುಳ್ಳು ಬೇಡ.

ಉಲೂಲು ತಿಂಗಳು, ಮೂರನೆಯ ದಿನ. ಲಕೋಟೆಯ ಮೇಲೆ ಸಿಂಹಗಳ ವರ್ಷ.

*

ಮಗ ಮನ್ನಿಯನಿಗೆ ಹೇಳು. ಎತೆಲ್‌ಪೀ ಹೀಗೆ ಹೇಳುತ್ತಾನೆ.

ಅಕ್ಷರ ದೊಡ್ಡದಾಗಿದೆ ಎಂದು ನಗಬೇಡ. ಒಂದೊಂದನ್ನೂ ಒತ್ತಿ, ಹೆಬ್ಬೆರಳಿಂದ ತಡವಿ ಮುಂದೆ ಹೋಗುತ್ತಿದ್ದೇನೆ. ಹಲಗೆ ಸಾಲದೆ ಮೂರನೆಯದನ್ನು ಹಿಡಿದಿದ್ದೇನೆ.

ಹುಡುಗರ ಅಭ್ಯಾಸಕ್ಕೆ ಓದಿಸಿದೆ ಎಂದದ್ದು ಸುಳ್ಳು. ನನಗೆ ಓದಲು ಆಗುತ್ತಿರಲಿಲ್ಲ. ನೀನು ಬೇರೆಯವರ ಕೈಲಿ ಓದಿಸಬೇಡಿ ಎಂದು ಬರೆದೆಯಲ್ಲ, ಅಷ್ಟನ್ನು ಒಬ್ಬ ಹುಡುಗ ಲಕೋಟೆಯ ಮೇಲೆ ಓದಿದ. ಒಳಗಿನದ್ದನ್ನು ನಾನೇ ಓದಬೇಕಾಯಿತು. ದಿನಕ್ಕೆ ಒಂದು ಸಾಲು, ಬೆರಳಿನಲ್ಲಿ. ನಾನು ಸಿಟ್ಟಾಗಿದ್ದೇನೆ ಎಂದು ನೀನು ಕಟ್ಟೆಗೆ ಓಡುತ್ತಿದ್ದ ದಿನಗಳಲ್ಲಿ ನಾನು ನಿನ್ನ ಓಲೆಯ ನಡುವೆ ಎಲ್ಲೋ ಇದ್ದೆ. 'ನಿಮ್ಮ ಕಣ್ಣು ಹೇಗಿದೆ' ಎಂಬ ಸಾಲಿಗೆ ಬರುವ ಹೊತ್ತಿಗೆ ನನ್ನ ಬೆರಳೇ ಉತ್ತರ ಹೇಳಿತ್ತು.

ನನಗೆ ಏನಾಯಿತು ಎಂದು ಕೇಳಿದೆ. ವರ್ಷದ ಹೆಸರು ಬರೆಯುವ ಕೆಲಸ ಬೇರೆಯವರಿಗೆ ಹೋಯಿತು. ಎರಡು ದಿನ ಬೇಸರವಾಯಿತು, ಮೂರನೆಯ ದಿನ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ. ಹಲಗೆಮನೆ ನನ್ನದೇ. ಪಾಠದ ಹಲಗೆಗಳನ್ನೆಲ್ಲ ಈಗ ಒಂದೊಂದಾಗಿ ತಡವಿ ನೋಡುತ್ತಿದ್ದೇನೆ. ನಿನಗೆ ಏಟು ತಂದ ಆ ಹಲಗೆಯೂ ಸಿಕ್ಕಿತು. ಕತ್ತೆಯೇ ಇದೆ.

ನೀನು ಹೋದ ದಿನ ನಾನು ತಲೆಯೆತ್ತಿದ್ದು ನಿಜ. ಗಂಟು ಹೊತ್ತು ಯಾರೋ ಹೋಗುವುದು ಮಸುಕಾಗಿ ಕಂಡಿತು. ನೀರಿನವನು ಅಂದುಕೊಂಡೆ. ನೀನೆಂದು ಗೊತ್ತಾಗಿದ್ದರೆ ಬಿಡುತ್ತಿರಲಿಲ್ಲ, ಬಾಗಿಲವರೆಗೆ ಓಡಿಬಂದು ಬೈಯುತ್ತಿದ್ದೆ.

ಚಳಿಗಾಲದಲ್ಲಿ ಎರಡು ತಿಂಗಳು ಇಲ್ಲಿಗೆ ಬಾ. ಇದ್ದದ್ದನ್ನು ಇದ್ದ ಹಾಗೆ ಓದುವವನೊಬ್ಬ ಈ ಮನೆಗೆ ಬೇಕು. ಕಲಿಯಲು ಕರೆಯುತ್ತಿಲ್ಲ, ಕಲಿಸಲು. ಕೋಲು ಒಲೆಗೆ ಹಾಕಿದ್ದೇನೆ. ನಿನ್ನ ಅವ್ವನ ಅಪ್ಪಣೆಯನ್ನು ಕೇಳಲು ನಾನೇ ಬರುತ್ತೇನೆ. ಅವಳ ಬೈಗುಳವನ್ನೂ ಕೇಳಿದ ಹಾಗಾಗುತ್ತದೆ. ದೋಣಿ ಹತ್ತಿದರೆ ನನಗೆ ತಲೆ ಸುತ್ತುತ್ತದೆ. ನಡೆದು ಬರಲು ದಾರಿ ಕಾಣುವುದಿಲ್ಲ.

ಆದ್ದರಿಂದ ಒಂದು ಕತ್ತೆ ಕಳಿಸು. ದಾರಿ ಅದಕ್ಕೆ ಕಾಣುತ್ತದೆ. ಕಿವಿಗೆ ಕೆಂಪು ನೂಲು ಇರಲಿ.

ಉಲೂಲು ತಿಂಗಳು, ಹದಿನೇಳನೆಯ ದಿನ. ಅರಸರು ಶಮಶ್ ದೇವರ ಬಾಗಿಲಲ್ಲಿ ಎರಡು ಬೆಳ್ಳಿ ಕತ್ತೆಗಳನ್ನು ನಿಲ್ಲಿಸಿದ ವರ್ಷ. ತಡವಿ ನೋಡಿದ್ದೇನೆ. ಈ ಸಲ ಬೇಕೆಂದೇ ಬರೆದದ್ದು.